ಈವಾನ್ ಪ್ರಾಸರ್ ಗೆರೆ ದಾಟಿದ್ದು

ಇಬ್ಬರು ಮೂವರು ರೋಗಿಗಳ ಎಕ್ಸ್‌ರೇಗಳು ಒಂದೇ ಲಕೋಟೆಗೆ ಸೇರಿಬಿಟ್ಟಿರಬೇಕು ಅಂತ ಡಾಕ್ಟರ್ ಅನಸೂಯಳಿಗೆ ಅನ್ನಿಸಿತು. ಕೊರಳೆಲುಬು ಎರಡು ಕಡೆ ಮುರಿದು ಕೂಡಿಕೊಂಡಿತ್ತು. ಪಕ್ಕೆಲುಬುಗಳಲ್ಲಿ ನಾಲ್ಕು ಹಳೆಯ ಗಂಟುಗಳು. ಎಡಗೈಯ ಕಿರುಬೆರಳು ಯಾವ ಕಾಲದಲ್ಲೋ ಸೊಟ್ಟಗೆ ಕೂಡಿ ಹಾಗೇ ಉಳಿದಿತ್ತು. ಆದರೆ ಎಲ್ಲದರ ಮೇಲೂ ಇದ್ದದ್ದು ಒಂದೇ ಹೆಸರು: ಪ್ರಾಸರ್, ಈವಾನ್. ವಯಸ್ಸು ನಲವತ್ತನಾಲ್ಕು. ಕೆಲಸ ಪ್ಲಾಟ್ಸ್‌ವಾರ್ಟ್, ಅಂದರೆ ಆಟದ ಮೈದಾನ ನೋಡಿಕೊಳ್ಳುವವನು.

ಅದು 1967ರ ನವೆಂಬರ್. ಅನಸೂಯ ತುಮಕೂರಿನಿಂದ ಜರ್ಮನಿಯ ಬಾನ್‌ಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಗಂಡ ಗೋಪಿನಾಥ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧಕ. ಅವಳು ಗುಡ್ಡದ ಮೇಲಿನ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಸಹಾಯಕ ವೈದ್ಯೆ. ಬಿಳಿ ಕೋಟು ತೊಟ್ಟು ಕೋಣೆಯೊಳಗೆ ಕಾಲಿಟ್ಟರೆ ರೋಗಿಗಳು ಅವಳ ಬೆನ್ನ ಹಿಂದೆ ಇಣುಕುತ್ತಿದ್ದರು, ನಿಜವಾದ ಡಾಕ್ಟರು ಹಿಂದಿನಿಂದ ಬರುತ್ತಿರಬಹುದು ಅಂತ. ಅವಳಿಗೆ ಅದು ಅಭ್ಯಾಸವಾಗಿತ್ತು. ಅಭ್ಯಾಸವಾಯಿತು ಅಂದಮಾತ್ರಕ್ಕೆ ಬೇಜಾರಾಗುತ್ತಿರಲಿಲ್ಲ ಅಂತಲ್ಲ.

ಈ ಮನುಷ್ಯ ಇಣುಕಲಿಲ್ಲ. ಏಣಿಯಿಂದ ಬಿದ್ದು ಬಂದಿದ್ದವನು ಮಂಚದ ಮೇಲೆ ಕೂತಲ್ಲಿಂದಲೇ ಸೆಟೆದು, "ಗುಟೆನ್ ಮೊರ್ಗೆನ್, ಫ್ರಾವ್ ಡಾಕ್ಟರ್" ಅಂತ ಬೆಳಗಿನ ವಂದನೆ ಹೇಳಿದ. ಅವನ ಜರ್ಮನ್ ಅವಳದ್ದಕ್ಕಿಂತ ವಿಚಿತ್ರವಾಗಿತ್ತು, ಮಾತು ಏರಿ ಇಳಿದು ಹಾಡಿನ ಹಾಗೆ ಕೇಳುತ್ತಿತ್ತು. ಎರಡು ವಾಕ್ಯ ಆಗುವಷ್ಟರಲ್ಲಿ ಇಬ್ಬರೂ ಇಂಗ್ಲಿಷಿಗೆ ಹೊರಳಿದರು.

"ಹೆರ್ ಪ್ರಾಸರ್, ಇದೆಲ್ಲ ಒಂದೇ ಏಣಿಯಿಂದ ಬಿದ್ದಿದ್ದಾ?"

"ಅಲ್ಲ ಫ್ರಾವ್ ಡಾಕ್ಟರ್. ಏಣಿಯದ್ದು ಈ ಮೊಣಕಾಲು ಮಾತ್ರ. ಉಳಿದದ್ದು ಹನ್ನೊಂದು ವರ್ಷದ ಸಂಪಾದನೆ. ನಾನು ರಗ್ಬಿ ಲೀಗ್ ಆಡುತ್ತಿದ್ದೆ."

ಅನಸೂಯಳಿಗೆ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಮೊಣಕಾಲನ್ನು ಮಡಿಸಿ ಬಿಡಿಸಿ ನೋಡುತ್ತ, ನೋವಿನ ಕಡೆ ಅವನ ಗಮನ ಹೋಗದಿರಲಿ ಅಂತ, ಕೊರಳೆಲುಬಿನ ಕಥೆ ಏನು ಅಂತ ಕೇಳಿದಳು. ಅಷ್ಟೇ ಬೇಕಾಗಿತ್ತು. ಅವನ ಬಾಯಿ ಆಮೇಲೆ ಮುಚ್ಚಲಿಲ್ಲ. ಅದೊಂದು ದೊಡ್ಡ ಕಪ್ಪಿನ ಸೆಮಿಫೈನಲ್. ಇಪ್ಪತ್ತನೇ ನಿಮಿಷಕ್ಕೆ ಮೂಳೆ ಮುರಿಯಿತು. ಆಗೆಲ್ಲ ಬದಲಿ ಆಟಗಾರ ಅಂತ ಇರಲಿಲ್ಲ, ಒಬ್ಬ ಹೊರಗೆ ಹೋದರೆ ಉಳಿದ ಹನ್ನೆರಡು ಜನವೇ ಆಡಬೇಕು. ಅದಕ್ಕೆ ಅವನು ಕೈಯನ್ನು ಜೆರ್ಸಿಯೊಳಗೆ ತೂರಿಸಿಕೊಂಡು ಅಂಚಿನಲ್ಲಿ ನಿಂತ. ಕೊನೇ ನಿಮಿಷದಲ್ಲಿ ಎದುರಾಳಿಯೊಬ್ಬ ಚೆಂಡು ಹಿಡಿದು ಓಡಿಬಂದಾಗ ಇನ್ನೊಂದು ಕೈಯಲ್ಲೇ ಅವನ ಚಡ್ಡಿ ಹಿಡಿದು ನಿಲ್ಲಿಸಿದ.

"ಅವನು ನಿಂತ. ಚಡ್ಡಿ ಮಾತ್ರ ನಿಲ್ಲಲಿಲ್ಲ," ಅಂದ ಪ್ರಾಸರ್. "ಹದಿನೆಂಟು ಸಾವಿರ ಜನ ನೋಡ್ತಿದ್ದರು."

ಆ ಆಸ್ಪತ್ರೆಯಲ್ಲಿ ಅನಸೂಯ ಬಾಯ್ಬಿಟ್ಟು ನಕ್ಕಿದ್ದು ಅದೇ ಮೊದಲು. ಪಕ್ಕದ ಕೋಣೆಯಿಂದ ನರ್ಸು ಓಡಿಬಂದಳು.

ಮೊಣಕಾಲಿನೊಳಗೆ ಮೂಳೆಗಳ ಮಧ್ಯೆ ಇರುವ ಮೆತ್ತನೆಯ ಬಿಲ್ಲೆ ಹರಿದಿತ್ತು. ಆಪರೇಷನ್ ಆಗಬೇಕು ಅಂದಾಗ ಅವನು ಕೇಳಿದ್ದು ಒಂದೇ, "ನೀವೇ ಮಾಡ್ತೀರಾ?" ದೊಡ್ಡ ಡಾಕ್ಟರು ಮಾಡುತ್ತಾರೆ, ನಾನು ಜೊತೆಗಿರುತ್ತೇನೆ ಅಂದಳು. "ಜೊತೆಗಿದ್ದರೆ ಸಾಕು," ಅಂದ.

ಅವನು ವಾರ್ಡಿನಲ್ಲಿದ್ದ ಮೂರು ವಾರಗಳಲ್ಲಿ ಉಳಿದ ಕಥೆ ತುಂಡು ತುಂಡಾಗಿ ಬಂತು. ಹುಟ್ಟಿದ್ದು ವೇಲ್ಸಿನ ಕಲ್ಲಿದ್ದಲ ಕಣಿವೆಯೊಂದರಲ್ಲಿ. ಹದಿನಾಲ್ಕಕ್ಕೇ ಗಣಿಗೆ ಇಳಿದ. ಯುದ್ಧ ಮುಗಿದ ಮೇಲೆ ಊರ ತಂಡದಲ್ಲಿ ಹದಿನೈದು ಜನರ ರಗ್ಬಿ ಆಡತೊಡಗಿದ. ಅವನೂ ಗೆಳೆಯ ಎಮ್ರಿಸ್ ಬೋವೆನ್ ಅನ್ನುವವನೂ ಜೋಡಿ. ಎಮ್ರಿಸ್ ಚೆಂಡು ಎಸೆದರೆ ನೋಡದೆ ಹಿಡಿಯುವಷ್ಟು ಹೊಂದಿಕೆ. 1948ರಲ್ಲಿ ಉತ್ತರ ಇಂಗ್ಲೆಂಡಿನ ಗಿರಣಿ ಊರೊಂದರಿಂದ ಟೋಪಿ ಹಾಕಿದ ಇಬ್ಬರು ಅವನ ಮನೆಗೆ ಬಂದರು. ಅಲ್ಲಿ ಆಡುತ್ತಿದ್ದದ್ದು ಹದಿಮೂರು ಜನರ ರಗ್ಬಿ, ಲೀಗ್. ಅದರಲ್ಲಿ ಆಡಿದವರಿಗೆ ಸಂಬಳವಿತ್ತು. ಹದಿನೈದು ಜನರ ಆಟದಲ್ಲಿ ಆಟಗಾರ ಕಾಸು ಮುಟ್ಟುವ ಹಾಗಿರಲಿಲ್ಲ. ಅಪ್ಪನ ಎದೆಯ ತುಂಬ ಕಲ್ಲಿದ್ದಲ ಪುಡಿ ಸೇರಿ, ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು. ಈವಾನ್ ಅಡುಗೆಮನೆಯ ಮೇಜಿನ ಮೇಲೆ ಕಾಗದಕ್ಕೆ ಸಹಿ ಹಾಕಿದ. ಅಪ್ಪ ಮತ್ತೆ ಗಣಿಗೆ ಇಳಿಯಲಿಲ್ಲ.

"ಮುಂದಿನ ಶನಿವಾರ ಗೆಳೆಯರಿಗೆ ಹೇಳಿ ಹೋಗೋಣ ಅಂತ ಊರ ಕ್ಲಬ್ಬಿಗೆ ಹೋದೆ. ಬಾಗಿಲಲ್ಲಿ ಎಮ್ರಿಸ್ ನಿಂತಿದ್ದ. ಅವನು ಆ ವರ್ಷವೇ ಕ್ಲಬ್ಬಿನ ಸೆಕ್ರೆಟರಿ ಆಗಿದ್ದ. ಒಳಗೆ ಬಿಡೋ ಹಾಗಿಲ್ಲ ಈವಾನ್, ರೂಲ್ ಇದೆ ಅಂದ."

"ಏನು ರೂಲು?"

"ಲೀಗಿಗೆ ಹೋದವನು ಹದಿನೈದು ಜನರ ಆಟ ಜೀವಮಾನದಲ್ಲಿ ಆಡೋ ಹಾಗಿಲ್ಲ, ಕಲಿಸೋ ಹಾಗಿಲ್ಲ, ಕ್ಲಬ್ಬಿನ ಹೊಸಲು ದಾಟೋ ಹಾಗಿಲ್ಲ. ಅವನ ಜೊತೆ ಆಡಿದವರಿಗೂ ಅದೇ ಶಿಕ್ಷೆ."

"ಕಾಸು ತಗೊಂಡಿದ್ದಕ್ಕಾ? ಇದೆಂಥ ಮಡಿ!" ಅಂದಳು ಅನಸೂಯ. ಮಡಿ ಅನ್ನುವುದಕ್ಕೆ ಇಂಗ್ಲಿಷ್ ಪದ ಸಿಗದೆ ಕನ್ನಡದಲ್ಲೇ ಅಂದುಬಿಟ್ಟು, ಆಮೇಲೆ ಐದು ನಿಮಿಷ ಅದರ ಅರ್ಥ ಬಿಡಿಸಿ ಹೇಳಿದಳು. ಪ್ರಾಸರ್‌ಗೆ ಅದು ಕೂಡಲೇ ಅರ್ಥವಾಯಿತು.

ಉತ್ತರಕ್ಕೆ ಹೋದವನು ಹನ್ನೊಂದು ವರ್ಷ ಆಡಿದ, ಮುನ್ನೂರಕ್ಕೂ ಹೆಚ್ಚು ಪಂದ್ಯ. ವಾರವಿಡೀ ನೂಲಿನ ಗಿರಣಿಯ ಬಣ್ಣ ಹಾಕುವ ವಿಭಾಗದಲ್ಲಿ ಕೆಲಸ, ಶನಿವಾರ ಆಟ. ಲೀಗಿನ ವೇಲ್ಸ್ ತಂಡದ ಕೆಂಪು ಜೆರ್ಸಿಯನ್ನು ನಾಲ್ಕು ಸಲ ತೊಟ್ಟ. ಅದೇ ಗಿರಣಿಯಲ್ಲಿ ನೂಲುವ ಕೆಲಸಕ್ಕೆ ಜರ್ಮನಿಯಿಂದ ಬಂದಿದ್ದ ಹಿಲ್ಡ ಎಂಬ ಹುಡುಗಿ, ಮೊದಲ ಸಲ ಅವನ ಆಟ ನೋಡಿದವಳು, "ಇಷ್ಟು ಜನ ಸೇರಿ ನಿನ್ನನ್ನೇ ಯಾಕೆ ಹೊಡೀತಾರೆ?" ಅಂತ ಕೇಳಿದಳಂತೆ. ಮುಂದಿನ ವರ್ಷ ಮದುವೆ. ಆಟ ಮುಗಿದ ಮೇಲೆ, ಹಿಲ್ಡಳ ತಂದೆಗೆ ಕಾಯಿಲೆ ಅಂತ ಇಬ್ಬರೂ ಬಾನ್‌ಗೆ ಬಂದರು. ಅವನಿಗೆ ವಿಶ್ವವಿದ್ಯಾಲಯದ ಮೈದಾನದಲ್ಲಿ ಕೆಲಸ ಸಿಕ್ಕಿತು. ಹುಲ್ಲು ಕತ್ತರಿಸುವುದು, ಸುಣ್ಣದಲ್ಲಿ ಗೆರೆ ಎಳೆಯುವುದು, ಬಲೆ ಕಟ್ಟುವುದು.

ಆ ಮೈದಾನದಲ್ಲಿ ವಿದ್ಯಾರ್ಥಿಗಳ ರಗ್ಬಿ ತಂಡವೊಂದಿತ್ತು. ಹದಿನೈದು ಜನರದ್ದು.

ಅದನ್ನು ಕಣ್ಣಾರೆ ಕಂಡವನು ಗೋಪಿನಾಥ. ಪ್ರಾಸರ್ ಮನೆಗೆ ಹೋದ ಮೇಲೆ ಅವನ ಕಾಲು ಹೇಗಿದೆ ನೋಡಿಕೊಂಡು ಬಾ ಅಂತ ಅನಸೂಯಳೇ ಗಂಡನನ್ನು ಕಳಿಸಿದ್ದಳು. ಅವನ ಭೌತಶಾಸ್ತ್ರ ಸಂಸ್ಥೆಯಿಂದ ಮೈದಾನ ಸೈಕಲ್ಲಿನಲ್ಲಿ ಐದು ನಿಮಿಷ. ಗೋಪಿನಾಥ ಸಂಜೆ ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ಶುರುಮಾಡಿದ.

"ನೋಡು ಅನಸೂಯ, ಆ ಹುಡುಗರು ಆಡೋದನ್ನ ನೋಡಕ್ಕಾಗಲ್ಲ. ಎದುರಿಗೆ ಬಂದೋನ್ನ ಹಿಡಿಯೋದು ಹೆಂಗೆ ಅಂತಾನೇ ಗೊತ್ತಿಲ್ಲ. ಕುತ್ತಿಗೆಗೆ ಕೈ ಹಾಕ್ತಾರೆ, ಬಿದ್ದು ಒದ್ದಾಡ್ತಾರೆ. ನಿನ್ನ ಪೇಷಂಟು ಊರುಗೋಲು ಹಿಡ್ಕೊಂಡು ಗೆರೆ ಪಕ್ಕದಲ್ಲಿ ನಿಂತ್ಕೊಂಡು ಹಲ್ಲು ಕಡೀತಾನೆ, ಬಾಯಿ ಮಾತ್ರ ಬಿಡಲ್ಲ."

"ಬಿಡೋ ಹಾಗಿಲ್ಲ ಕಣ್ರೀ. ರೂಲು."

"ಗೊತ್ತು, ಹೇಳ್ದ. ಆರು ವರ್ಷದಿಂದ ಹೀಗೇ ಅಂತೆ. ಅವನು ಕಲಿಸಿದ ಅಂತ ಗೊತ್ತಾದ್ರೆ ಹುಡುಗರ ಟೀಮನ್ನೇ ಬ್ಯಾನ್ ಮಾಡಬಹುದು ಅಂತ ಭಯ." ಗೋಪಿನಾಥ ಕುರ್ಚಿಯಲ್ಲಿ ಕೂತ. "ಸೊಂಟದಿಂದ ಕೆಳಗೆ ಹಿಡಿ, ಕಾಲು ಹಿಡಿ ಅನ್ನೋದು ನಮ್ಮ ಕಾಲೇಜಲ್ಲಿ ಪ್ರತಿಯೊಬ್ಬನಿಗೂ ಗೊತ್ತಿತ್ತು. ಕಬಡ್ಡಿ ಆಡಿದ ಯಾವನಿಗಾದ್ರೂ..."

ಅಲ್ಲಿಗೆ ಮಾತು ನಿಂತಿತು. ಗಂಡನ ಮುಖದಲ್ಲಿ ಮೂಡಿದ ಕಳೆ ನೋಡಿ ಅನಸೂಯ ಒಲೆ ಆರಿಸಿ ಬಂದು ಎದುರಿಗೆ ಕೂತಳು. ಮೈಸೂರಿನಲ್ಲಿ ಓದುವಾಗ ಗೋಪಿನಾಥ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದ. ಮದುವೆಯಾದ ಹೊಸದರಲ್ಲಿ ಆ ಪ್ರತಾಪವನ್ನೆಲ್ಲ ಅವಳು ಬೇಕಾದ್ದಕ್ಕಿಂತ ಹೆಚ್ಚೇ ಕೇಳಿದ್ದಳು.

"ಕಬಡ್ಡಿ ಕಲಿಸಬಾರದು ಅಂತ ರೂಲಲ್ಲಿ ಇದೆಯಾ?" ಅಂದ ಗೋಪಿನಾಥ.

ಮರುದಿನ ಅವನು ಪ್ರಾಸರ್‌ನನ್ನೂ ಅದೇ ಕೇಳಿದ. ಪ್ರಾಸರ್ ಮೊದಲು ಬೇಡ ಅಂತ ತಲೆಯಾಡಿಸಿದ. ಆಟ ಹೇಗೆ ಅಂದ. ಗೋಪಿನಾಥ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು ವಿವರಿಸಿದ: ಆ ಕಡೆ ಏಳು ಜನ, ಈ ಕಡೆ ಏಳು ಜನ, ನಡುವೆ ಒಂದು ಗೆರೆ. ಒಬ್ಬನೇ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅಂತ ಹೋಗಿ, ಯಾರನ್ನಾದರೂ ಮುಟ್ಟಿ ವಾಪಸ್ ಬರಬೇಕು. ಅವರು ಬರಲು ಬಿಡಬಾರದು. ಪ್ರಾಸರ್‌ನ ಹುಬ್ಬು ಮೇಲೇರಿತು.

"ಚೆಂಡು?"

"ಚೆಂಡಿಲ್ಲ."

"ಚೆಂಡಿಲ್ಲ ಅಂದ್ರೆ ರಗ್ಬಿ ಅಲ್ಲ," ಅಂದ ಪ್ರಾಸರ್ ನಿಧಾನವಾಗಿ. ಊರುಗೋಲನ್ನು ಬೇಲಿಗೆ ಒರಗಿಸಿದ. "ಇನ್ನೊಂದು ಸಲ ಹೇಳು, ಕಾಲು ಎಲ್ಲಿ ಹಿಡೀಬೇಕು?"

ಹೀಗೆ ಬುಧವಾರ ಸಂಜೆಯ ಕಬಡ್ಡಿ ಶುರುವಾಯಿತು. ಮೊದಲ ವಾರ ಬಂದವರು ಐದು ಜನ ವಿದ್ಯಾರ್ಥಿಗಳು. ಅದೂ ಈ ಭಾರತೀಯನಿಗೆ ಬೇಜಾರಾಗಬಾರದು ಅನ್ನುವ ಮರ್ಯಾದೆಗೆ. ಗೋಪಿನಾಥ ಅವರ ಪಾಳೆಯಕ್ಕೆ ನುಗ್ಗಿ ಐದೂ ಜನರನ್ನು ಮುಟ್ಟಿ ಬಂದ. ಮುಂದಿನ ವಾರ ಹದಿನೆಂಟು ಜನ ಬಂದರು. ಬೇಸಿಗೆಯ ಹೊತ್ತಿಗೆ ಮೈದಾನದ ಪಕ್ಕದ ರಸ್ತೆಯಲ್ಲಿ ನಾಯಿ ಹಿಡಿದು ಹೋಗುವ ಹೆಂಗಸರಿಗೂ ಕಬಡ್ಡಿ ಅನ್ನುವ ಪದ ಬಾಯಿಗೆ ಬಂದಿತ್ತು. ಪ್ರಾಸರ್ ಮೂಲೆಯಲ್ಲಿ ನಿಂತು ಹಿಡಿತ ಕಲಿಸುತ್ತಿದ್ದ. ತಲೆ ಎಲ್ಲಿರಬೇಕು, ಭುಜ ಎಲ್ಲಿ ತಾಗಬೇಕು, ಇಬ್ಬರು ಕೈ ಕೋದು ಒಬ್ಬನನ್ನು ಹೇಗೆ ಮಡಚಬೇಕು. ಅನಸೂಯ ಆರು ತಿಂಗಳಾದ ಮೇಲೆ, "ನಿಂತು ಹಿಡಿಯಬಹುದು, ಓಡಬಾರದು" ಅಂತ ಅಪ್ಪಣೆ ಕೊಟ್ಟಿದ್ದಳು. ಎರಡು ಬುಧವಾರ ತಾನೇ ಬಂದು ಕಾವಲು ನಿಂತಳು. ಎರಡನೇ ಬುಧವಾರ ಅವನು ಓಡಿಯೇಬಿಟ್ಟ. ಎಲ್ಲರೆದುರು ಅವಳ ಕೈಲಿ ಬೈಸಿಕೊಂಡು, ತಪ್ಪು ಮಾಡಿದ ಹುಡುಗನ ಹಾಗೆ ಬೆಂಚಿನ ಮೇಲೆ ಕೂತ. ಹಿಲ್ಡ ತಂದಿದ್ದ ಪ್ಲಮ್ ಕೇಕು ಅವತ್ತು ಅವನಿಗೆ ಇಲ್ಲವಾಯಿತು.

1969ರ ವಸಂತದಲ್ಲಿ ತಂಡಕ್ಕೆ ಒಂದು ಪತ್ರ ಬಂತು. ವೇಲ್ಸಿನ ಶಿಕ್ಷಕರ ತರಬೇತಿ ಕಾಲೇಜೊಂದರ ಹದಿನೈದು ಜನ ಪ್ರವಾಸ ಬರುತ್ತಿದ್ದಾರೆ, ಮೇ ತಿಂಗಳ ಕೊನೆಯ ಶನಿವಾರ ಬಾನ್‌ನಲ್ಲಿ ಒಂದು ಪಂದ್ಯ ಆಗಬಹುದೇ ಅಂತ. ಹುಡುಗರು ಕುಣಿದರು. ಪತ್ರವನ್ನು ಪ್ರಾಸರ್‌ಗೂ ತೋರಿಸಿದರು. ಕೆಳಗೆ ವ್ಯವಸ್ಥಾಪಕರ ಸಹಿ: ಎಮ್ರಿಸ್ ಬೋವೆನ್.

ಸೋಮವಾರ ಪ್ರಾಸರ್ ಆಸ್ಪತ್ರೆಗೆ ಬಂದ. ಕಾಲು ನೋವು ಅಂದ. ಅನಸೂಯ ಮಡಿಸಿದಳು, ಬಿಡಿಸಿದಳು, ಒತ್ತಿದಳು. ಕಾಲು ಅವಳದ್ದಕ್ಕಿಂತ ಗಟ್ಟಿಯಾಗಿತ್ತು.

"ಒಂದು ಕ್ರಾಂಕ್‌ಮೆಲ್ಡುಂಗ್ ಬರೆದುಕೊಡಿ ಫ್ರಾವ್ ಡಾಕ್ಟರ್. ಹುಷಾರಿಲ್ಲ ಅಂತ. ಮೇ ಕೊನೆಯ ಶನಿವಾರಕ್ಕೆ."

"ಆ ಶನಿವಾರಕ್ಕೆ ಇನ್ನೂ ಐದು ವಾರ ಇದೆ, ಹೆರ್ ಪ್ರಾಸರ್. ಆಗ ಹುಷಾರಿರಲ್ಲ ಅಂತ ಈಗಲೇ ಹೇಗೆ ಗೊತ್ತು?"

ಅವನು ವಿಷಯ ಹೇಳಿದ. ಎಮ್ರಿಸ್ ಈಗ ಆ ಕಾಲೇಜಿನಲ್ಲಿ ಅಧ್ಯಾಪಕ. ಊರ ಕ್ಲಬ್ಬಿಗೆ ಇಂದಿಗೂ ಅವನೇ ಸೆಕ್ರೆಟರಿ ಅಂತ ತಂಗಿ ಪತ್ರ ಬರೆದಿದ್ದಳು. ನನ್ನನ್ನು ಮೈದಾನದಲ್ಲಿ ಕಂಡರೆ ರೂಲು ಅನ್ನುತ್ತಾನೆ, ಹುಡುಗರ ತಂಡಕ್ಕೆ ಕೆಟ್ಟ ಹೆಸರು ಬರುತ್ತದೆ ಅಂದ.

"ಗೆರೆ ಎಳೆಯೋದು ನಿಮ್ಮ ಕೆಲಸ. ಕೆಲಸದ ಜಾಗದಲ್ಲಿ ನಿಂತಿರೋದಕ್ಕೆ ಯಾವ ರೂಲೂ ಅಡ್ಡ ಬರಲ್ಲ," ಅಂದಳು ಅನಸೂಯ. ಆಮೇಲೆ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡು, ಮೆಲ್ಲಗೆ, "ಹುಡುಗರ ಭಯ ಒಂದು ಕಡೆ ಇರಲಿ. ನಿಮಗೆ ಅವನನ್ನು ನೋಡೋಕೆ ಭಯ ಅಲ್ಲವಾ?" ಅಂದಳು.

ಪ್ರಾಸರ್ ಮಡಿಸಿದ್ದ ಪ್ಯಾಂಟನ್ನು ಮೊಣಕಾಲಿನ ಕೆಳಗೆ ಇಳಿಸಿಕೊಂಡ. "ಹೌದು," ಅಂದ. ಚೀಟಿಯಿಲ್ಲದೆ ಹೊರಟುಹೋದ.

ಆ ಶನಿವಾರ ಮೋಡ ಚೆದುರಿ ಒಳ್ಳೆಯ ಬಿಸಿಲಿತ್ತು. ಪ್ರಾಸರ್ ಬೆಳಿಗ್ಗೆ ಎಳೆದ ಗೆರೆಗಳು ಎದ್ದು ಕಾಣುತ್ತಿದ್ದವು. ಅವನು ಮಾತ್ರ ಸಲಕರಣೆ ಇಡುವ ಶೆಡ್ಡಿನ ಬಾಗಿಲ ಹತ್ತಿರ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ನಿಂತಿದ್ದ. ಹಿಲ್ಡ, ಅನಸೂಯ, ಗೋಪಿನಾಥ ಅವನಿಗೆ ಮರೆಯಾಗುವಂತೆ ಮುಂದೆ ನಿಂತರು. ಎದುರು ಬದಿಯಲ್ಲಿ ಹಸಿರು ಬ್ಲೇಜರಿನ ದಪ್ಪ ಮನುಷ್ಯನೊಬ್ಬ ಅತ್ತಿಂದಿತ್ತ ಓಡಾಡುತ್ತಿದ್ದ. ಅವನೇ ಎಮ್ರಿಸ್ ಎಂದು ಯಾರೂ ಹೇಳಬೇಕಾಗಲಿಲ್ಲ.

ಬಾನ್‌ನ ಹುಡುಗರು ಹಿಂದೆಲ್ಲ ಇಂಥ ತಂಡಗಳ ಎದುರು ನಲವತ್ತು ಪಾಯಿಂಟುಗಳಿಂದ ಸೋತವರು. ಅವತ್ತು ಎದುರಾಳಿಗಳು ಚೆಂಡು ಹಿಡಿದು ಬಂದರೆ ಸಾಕು, ಯಾರಾದರೊಬ್ಬ ಪಾದಕ್ಕೆ ಎರಗುತ್ತಿದ್ದ, ಇಬ್ಬರು ಕೈ ಕೋದು ಸೊಂಟ ಹಿಡಿಯುತ್ತಿದ್ದರು. ದೊಡ್ಡ ದೊಡ್ಡ ಆಳುಗಳು ದೊಪ್ಪನೆ ಬೀಳುತ್ತಿದ್ದರು. ಆಟ ಅರ್ಥವಾಗದಿದ್ದರೂ ಅನಸೂಯಳಿಗೆ ಹಿಡಿತಗಳು ಚೆನ್ನಾಗಿ ಗೊತ್ತಿದ್ದವು. "ಬಿಡಬೇಡ! ಕಾಲು ಹಿಡ್ಕೋ!" ಅಂತ ಕನ್ನಡದಲ್ಲಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಕೊನೆಗೆ ಸೋತರು, ನಿಜ. ಆದರೆ ಹನ್ನೊಂದು-ಆರು. ಹುಡುಗರು ಗೆದ್ದವರಿಗಿಂತ ಹೆಚ್ಚು ಕುಣಿದಾಡಿದರು.

ಸೀಟಿ ಊದಿದ್ದೇ ತಡ, ಹಸಿರು ಬ್ಲೇಜರು ಮೈದಾನ ಅಡ್ಡಹಾಯ್ದು ನೇರ ಶೆಡ್ಡಿನ ಕಡೆಗೆ ಬಂತು. ಹಿಲ್ಡ ಗಂಡನ ತೋಳು ಹಿಡಿದಳು.

ಮೊದಲ ಮಾತುಗಳು ವೆಲ್ಷ್ ಭಾಷೆಯಲ್ಲಾದವು. ಅನಸೂಯಳಿಗೆ ಕೇಳಿಸಿದ್ದು ಎರಡು ಹೆಸರುಗಳು ಮಾತ್ರ, ಈವಾನ್, ಎಮ್ರಿಸ್. ಆಮೇಲೆ ಹೆಂಗಸರು ಇದ್ದಾರೆ ಅಂತಲೋ ಏನೋ, ಎಮ್ರಿಸ್ ಇಂಗ್ಲಿಷಿನಲ್ಲಿ ಗಂಟಲು ಸರಿಮಾಡಿಕೊಂಡ.

"ಈ ಹಿಡಿತಗಳು ಯಾವ ಜರ್ಮನ್ ಪುಸ್ತಕದಲ್ಲೂ ಇಲ್ಲ. ಮೊದಲ ಐದು ನಿಮಿಷಕ್ಕೇ ನೀನು ಇಲ್ಲೇ ಎಲ್ಲೋ ಇದ್ದೀಯ ಅಂತ ಗೊತ್ತಾಯ್ತು. ಈ ಹುಡುಗರಿಗೆ ಕಲಿಸಿದ್ದು ಯಾರು?"

ಪ್ರಾಸರ್ ಬಾಯಿ ತೆರೆಯುವ ಮೊದಲೇ ಗೋಪಿನಾಥ ಒಂದು ಹೆಜ್ಜೆ ಮುಂದೆ ಬಂದ. "ನಾನು ಸರ್. ನಮ್ಮ ಊರಿನ ಆಟ. ಕಬಡ್ಡಿ. ಹೆರ್ ಪ್ರಾಸರ್ ನಮ್ಮ ಜೊತೆ ಕಬಡ್ಡಿ ಆಡ್ತಾರೆ, ಅಷ್ಟೇ."

ಎಮ್ರಿಸ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಕೆನ್ನೆ ಕೆಂಪಾಗಿತ್ತು. ಸಿಟ್ಟೋ ಬಿಸಿಲೋ ತಿಳಿಯಲಿಲ್ಲ. ಅವನು ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ಆ ಶನಿವಾರ ನಾನು ಬಾಗಿಲು ಬಿಡಬೇಕಾಗಿತ್ತು ಈವಾನ್. ಇಪ್ಪತ್ತೊಂದು ವರ್ಷದಿಂದ ಇದನ್ನ ಹೇಳಬೇಕು ಅಂತಿದ್ದೆ. ವಿಳಾಸ ನಿನ್ನ ತಂಗಿ ಹತ್ತಿರ ಇತ್ತು, ಕೇಳೋ ಧೈರ್ಯ ಆಗಲಿಲ್ಲ."

"ನಿನ್ನ ಕೈ ನಡುಗುತ್ತಿತ್ತು," ಅಂದ ಪ್ರಾಸರ್. "ನಾನು ನೋಡಿದ್ದೆ. ಅದಕ್ಕೇ ಜಗಳ ಆಡದೆ ಹೋದೆ."

ಇಬ್ಬರೂ ಕೈ ಕುಲುಕಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಎಮ್ರಿಸ್ ಬಂದು ಪ್ರಾಸರ್‌ನ ಪಕ್ಕದಲ್ಲಿ, ಮೈದಾನಕ್ಕೆ ಮುಖಮಾಡಿ ನಿಂತ. ಆಮೇಲೆ ಎಮ್ರಿಸ್ ಗೋಪಿನಾಥನ ಕಡೆ ತಿರುಗಿದ.

"ನಿಮ್ಮ ಈ ಆಟಕ್ಕೂ ಹದಿನೈದು ಜನರ ರಗ್ಬಿಗೂ ಏನೂ ಸಂಬಂಧ ಇಲ್ಲ ತಾನೇ?"

"ಚೆಂಡೇ ಇಲ್ಲ ಸರ್."

"ಕ್ಲಬ್ಬು, ಸೆಕ್ರೆಟರಿ, ಕಮಿಟಿ?"

"ಒಂದು ಗೆರೆ ಸಾಕು ಸರ್."

ಎಮ್ರಿಸ್ ಬ್ಲೇಜರ್ ಬಿಚ್ಚಿ ಹಿಲ್ಡಳ ಕೈಗೆ ಕೊಟ್ಟ. ಟೈ ಬಿಚ್ಚಿದ. ಅಂಗಿಯ ತೋಳು ಮಡಿಸಿದ. ಎರಡೂ ತಂಡದ ಹುಡುಗರು ಏನೋ ನಡೆಯುತ್ತಿದೆ ಅಂತ ಸುತ್ತ ನೆರೆದರು. ಗೋಪಿನಾಥ ವೆಲ್ಷ್‌ನವರಿಗೆ ಆಟದ ನಿಯಮ ಹೇಳುತ್ತ ಹುಲ್ಲಿನ ಮೇಲೆ ಅಂಗಳ ಅಳೆದ. ಪ್ರಾಸರ್ ಸುಣ್ಣದ ಗಾಡಿ ತಂದು ನಡುವೆ ಒಂದು ಗೆರೆ ಎಳೆದು, ಗಾಡಿಯನ್ನು ಪಕ್ಕಕ್ಕೆ ಇಟ್ಟು, ಗೆರೆ ದಾಟಿ ಎಮ್ರಿಸ್‌ನ ಪಕ್ಕದಲ್ಲಿ ನಿಂತ. ಹೊರಗೆ ನಿಲ್ಲುವ ಕೆಲಸದವನಾಗಿ ಅಲ್ಲ, ಆಡುವವನಾಗಿ. ಅನಸೂಯ ಅವನನ್ನು ನೋಡಿದಳು. ಓಡಬಾರದು ಅಂತ ಹೇಳಬೇಕು ಅಂದುಕೊಂಡವಳು ಹಿಂದೆ ಸರಿದು ಜಾಗ ಬಿಟ್ಟಳು.

ಮುದುಕರ ಕಡೆ ಐದು ಜನ ವೆಲ್ಷ್ ಹುಡುಗರು ಸೇರಿದರು, ಆಚೆ ಕಡೆ ಏಳು ಜನ ಜರ್ಮನರು. ಮೊದಲ ಸರದಿಗೆ ಒಬ್ಬ ಜರ್ಮನ್ ಹುಡುಗ ನುಗ್ಗಿಬಂದ. ಮೂಲೆಯಲ್ಲಿದ್ದ ಪ್ರಾಸರ್ ಕಾದು ಕಾದು, ಪಾದ ಹತ್ತಿರ ಬಂದ ಕೂಡಲೆ ಕುಕ್ಕರಿಸಿ ಹಿಡಿದ. ಹಿಂದಿನಿಂದ ಎಮ್ರಿಸ್, ಯಾರೂ ಹೇಳದೆ, ಸೊಂಟಕ್ಕೆ ಬಿದ್ದ. ಹುಡುಗ ಕದಲಲಿಲ್ಲ.

"ಹಾ!" ಅಂತ ಎದ್ದ ಎಮ್ರಿಸ್. ಅವನ ಬಿಳಿ ಅಂಗಿಯ ಮೇಲೆ ಹಸಿರು ಕಲೆ.

ಆಮೇಲೆ ಅವನ ಸರದಿ. ಎಮ್ರಿಸ್ ಊರಿನ ಪ್ರಾರ್ಥನಾ ಮಂದಿರದಲ್ಲಿ ನಲವತ್ತು ವರ್ಷದಿಂದ ಹಾಡುವವನು ಅಂತ ಆಚೆ ಕಡೆಯವರಿಗೆ ಗೊತ್ತಿರಲಿಲ್ಲ. ಅವನು ಎದೆ ತುಂಬ ಗಾಳಿ ತುಂಬಿಕೊಂಡು, ಒಂದೇ ಶ್ರುತಿಯಲ್ಲಿ, ಕಬಡ್ಡಿ ಕಬಡ್ಡಿ ಅಂತ ಹಾಡುತ್ತ ಹೊರಟ. ದಪ್ಪ ಮನುಷ್ಯ, ನಿಧಾನ ನಡಿಗೆ. ಹಿಡಿಯಲು ಅವಸರವೇನಿದೆ, ಉಸಿರು ಮುಗಿದೇ ಮುಗಿಯುತ್ತದೆ ಅಂತ ಹುಡುಗರು ಕಾದರು. ಅದು ಮುಗಿಯಲೇ ಇಲ್ಲ. ಮೂಲೆಯಿಂದ ಮೂಲೆಗೆ ನಡೆದ, ಶ್ರುತಿ ಅಲುಗಲಿಲ್ಲ. ಹುಡುಗರಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದ ಇಬ್ಬರನ್ನು ಮುಟ್ಟಿ, ಅದೇ ದನಿಯಲ್ಲಿ ಹಾಡುತ್ತ ತಿರುಗಿ ಬಂದು ಗೆರೆ ದಾಟಿದ. ಗೋಪಿನಾಥ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟ.

"ಏನ್ರೀ ಇದು, ಉಸಿರಾ ಹಾರ್ಮೋನಿಯಮ್ಮಾ?" ಅಂತ ಕಣ್ಣೊರೆಸಿಕೊಂಡಳು ಅನಸೂಯ.

ಹಿರಿಯರ ಕಡೆಯೇ ಗೆದ್ದಿತು. ಪ್ರಾಸರ್ ಒಟ್ಟು ನಾಲ್ಕು ಜನರನ್ನು ಹಿಡಿದಿದ್ದ, ಎರಡು ಸಲ ಓಡಿದ್ದ. ಅನಸೂಯ ಎರಡನ್ನೂ ಕಂಡೂ ಕಾಣದವಳಂತಿದ್ದಳು. ವಿದ್ಯಾರ್ಥಿಗಳ ಊಟದ ಮನೆಯಲ್ಲಿ ರಗ್ಬಿ ತಂಡಗಳ ಔತಣವಿತ್ತು. ಪ್ರಾಸರ್ ಅಲ್ಲಿಗೆ ಹೋಗುವಂತಿರಲಿಲ್ಲ. ಎಮ್ರಿಸ್ ಎರಡು ನಿಮಿಷದ ಭಾಷಣ ಮಾಡಿ ಅಲ್ಲಿಂದ ತಪ್ಪಿಸಿಕೊಂಡು ಅನಸೂಯಳ ಮನೆಗೆ ಬಂದ. ಪ್ರಾಸರ್, ಹಿಲ್ಡ ಆಗಲೇ ಬಂದು ಕೂತಿದ್ದರು. ಎಮ್ರಿಸ್ ಸಾರನ್ನು ಲೋಟದಲ್ಲಿ ಕುಡಿದು, ಮತ್ತೆ ಕೇಳಿ ಹಾಕಿಸಿಕೊಂಡು, ಸತ್ತವರ ಬದುಕಿದವರ ಸುದ್ದಿಯನ್ನೆಲ್ಲ ಹೇಳಿದ. ಗೆಳೆಯರಿಬ್ಬರೂ ಯಾವಾಗ ವೆಲ್ಷ್‌ಗೆ ಜಾರಿದರೋ ಯಾರಿಗೂ ತಿಳಿಯಲಿಲ್ಲ. ಹಿಲ್ಡ ಅಡುಗೆಮನೆಗೆ ಬಂದು, "ಹದಿನೇಳು ವರ್ಷದಲ್ಲಿ ಇವನು ಇಷ್ಟು ಮಾತಾಡಿದ್ದು ಕೇಳಿಲ್ಲ," ಅಂದಳು. ಅನಸೂಯಳಿಗೆ ನಂಬಿಕೆ ಬರಲಿಲ್ಲ. ಆಸ್ಪತ್ರೆಯಲ್ಲಿ ಅವನು ಬಾಯಿ ಮುಚ್ಚಿದ್ದನ್ನೇ ಅವಳು ಕಂಡಿರಲಿಲ್ಲ.

ರೂಲು ಬದಲಾಗಲಿಲ್ಲ. ಎಮ್ರಿಸ್ ಕಮಿಟಿಯಲ್ಲಿ ಮೂರು ಸಲ ಮಾತೆತ್ತಿ ಮೂರು ಸಲವೂ ಸೋತ. ನಾಲ್ಕನೇ ಸಲ ಸೆಕ್ರೆಟರಿ ಕೆಲಸ ಬಿಟ್ಟು, ಹಳೆಯ ತಂಡದಲ್ಲಿ ಉಳಿದಿದ್ದ ಹನ್ನೊಂದು ಜನರಿಗೂ ಕಾಗದ ಬರೆದು, ತನ್ನ ಮನೆಯಲ್ಲೇ ಊಟ ಇಟ್ಟುಕೊಂಡ. ಮನೆಗೆ ಯಾರು ಬರಬೇಕು ಅನ್ನುವುದನ್ನು ಅವನ ಹೆಂಡತಿ ಬಿಟ್ಟರೆ ಬೇರೆ ಯಾವ ಕಮಿಟಿಯೂ ತೀರ್ಮಾನಿಸುವಂತಿರಲಿಲ್ಲ. 1971ರ ಆಗಸ್ಟಿನಲ್ಲಿ ಈವಾನ್ ಪ್ರಾಸರ್ ಹಿಲ್ಡಳನ್ನು ಕರೆದುಕೊಂಡು ಊರಿಗೆ ಹೋದ. ನಾಲ್ಕು ದಿನಕ್ಕೆಂದು ಹೋದವನು ಮೂರು ವಾರ ಉಳಿದ. ಬಾನ್‌ನ ಮೈದಾನದಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆಯಿತು. ಗೋಪಿನಾಥನೂ ಇಬ್ಬರು ವಿದ್ಯಾರ್ಥಿಗಳೂ ಸೇರಿ ಯಂತ್ರ ಓಡಿಸಿ ಅಡ್ಡಾದಿಡ್ಡಿ ಕತ್ತರಿಸಿದರು.

ಅಲ್ಲಿಂದ ಅನಸೂಯಳಿಗೆ ಒಂದು ಪೋಸ್ಟ್‌ಕಾರ್ಡು ಬಂತು. ಹಿಲ್ಡ ಬರೆದಿದ್ದಳು: ಇಲ್ಲಿ ದಿನವೂ ಮಳೆ. ಈವಾನ್‌ನ ಕಾಲು ಚೆನ್ನಾಗಿದೆ. ಅವನೂ ಎಮ್ರಿಸ್ಸೂ ಬೆಳಿಗ್ಗೆ ಮೀನು ಹಿಡಿಯಲು ಹೋಗುತ್ತಾರೆ, ಒಂದೂ ಹಿಡಿಯುವುದಿಲ್ಲ, ಮಧ್ಯಾಹ್ನ ಹಸಿದು ಬರುತ್ತಾರೆ. ನನಗೆ ಇಲ್ಲಿಯ ಮಾತು ಒಂದಕ್ಷರ ಅರ್ಥವಾಗುವುದಿಲ್ಲ, ಆದರೂ ಬಹಳ ಸಂತೋಷವಾಗಿದ್ದೇನೆ.